ಹೊಡಿ ಅನ್ನದ ಲಾಳದ ಸಾಬರು

"ಹೊಡಿರಿ ಸಾಬ್ರೇ, ಹೊಡಿರಿ! ಕೈ ಜಾರ್ತೈತೆ!"

ಎತ್ತನ್ನು ಕೆಡವಿ ಕಾಲು ಸೇರಿಸಿ ಕಟ್ಟಿದ್ದೆವು. ನಾನು ಕೊಂಬು ಹಿಡಿದು ಅದರ ಕುತ್ತಿಗೆಯ ಮೇಲೆ ಮೊಣಕಾಲು ಊರಿದ್ದೆ. ಸಾಬರು ಗೊರಸಿಗೆ ಲಾಳ ಕೂರಿಸಿ, ಮೊಳೆ ಇಟ್ಟು, ಸುತ್ತಿಗೆ ಎತ್ತಿದವರು ಹಾಗೇ ಕೂತುಬಿಟ್ಟರು.

"ಏನಂದೆ?"

"ಮೊಳೆ ಹೊಡಿರಿ ಅಂದೆ."

"ಇಳಿಸು ಅನ್ನು."

"ಏನು?"

"ಮೊಳೆ ಇಳಿಸ್ರಿ ಅನ್ನು. ಇಳಿಸ್ತೀನಿ."

ಎತ್ತು ಒಂದು ಸಲ ಕೊಡವಿತು. ನನ್ನ ಮೊಣಕೈ ನೆಲಕ್ಕೆ ಉಜ್ಜಿ ಚರ್ಮ ಕಿತ್ತುಬಂತು. "ಇಳಿಸ್ರಿ ನಿಮ್ಮ ದಮ್ಮಯ್ಯ, ಇಳಿಸ್ರಿ" ಅಂದೆ. ಸುತ್ತಿಗೆ ಬಿತ್ತು. ಆಮೇಲೆ ಅವರ ಕೈ ನಿಲ್ಲಲೇ ಇಲ್ಲ. ಎತ್ತು ಎದ್ದು ನಿಂತಾಗ ನನ್ನ ತಲೆಯಲ್ಲಿ ಒಂದೇ ವಿಷಯ. ಈ ಮನುಷ್ಯನಿಗೆ ಒಂದು ಮಾತಿನ ಮೇಲೆ ಇಷ್ಟು ಹಟ ಯಾಕೆ?

ನ್ಯಾಮತಿಯಲ್ಲಿ ಎತ್ತಿಗೆ ಲಾಳ ಕಟ್ಟುತ್ತಿದ್ದ ಸಾಬರು ಇವರು. ಹೆಸರು ಬರೆಯುವುದಿಲ್ಲ. ಬರೆದರೆ ಓದಿದವರು "ಓ ಅವನಾ" ಅನ್ನುತ್ತಾರೆ. ಆ "ಅವನಾ" ಕೇಳಿ ಕೇಳಿ ನನಗೆ ಸಾಕಾಗಿದೆ. ಕಳೆದ ತಿಂಗಳು ಅವರು ತೀರಿಕೊಂಡರು. ಮಣ್ಣು ಮಾಡಿ ವಾಪಸ್ ಬರುವಾಗ ದಾರಿಯಲ್ಲಿ ಯಾರೋ "ಯಾರು ಹೋಗಿದ್ದು?" ಅಂತ ಕೇಳಿದರು. ನನ್ನ ಮುಂದೆ ನಡೆಯುತ್ತಿದ್ದವನು "ಜೈಲಿಗೆ ಹೋಗಿ ಬಂದಿದ್ನಲ್ಲ, ಆ ಲಾಳದ ಸಾಬಿ" ಅಂದ. ಇಷ್ಟು ವರ್ಷ ಊರಿನ ಎತ್ತುಗಳನ್ನೆಲ್ಲ ನಡೆಸಿದ ಮನುಷ್ಯನಿಗೆ ಕೊನೆಗೆ ಸಿಕ್ಕ ಹೆಸರು ಅದು. ಅದಕ್ಕೇ ಬರೆಯುತ್ತಿದ್ದೇನೆ. ನನಗೆ ಬರೆಯುವ ಅಭ್ಯಾಸ ಇಲ್ಲ. ಕಂಡದ್ದು ಬರೆಯುತ್ತೇನೆ.

ನಾನು ಆಗ ನಮ್ಮ ಸೋದರಮಾವನ ಗಾಡಿ ನಡೆಸುತ್ತಿದ್ದೆ. ನೋಡಿ, ನಾನೂ ನಡೆಸುತ್ತಿದ್ದೆ ಅಂತಲೇ ಬರೆದೆ. ಅವರ ಸಹವಾಸ. ನಮ್ಮ ಕಡೆ ಯಾರೂ ಹಾಗೆ ಅನ್ನುವುದಿಲ್ಲ, ಗಾಡಿ ಹೊಡೀತೀನಿ ಅನ್ನುತ್ತಾರೆ. ನ್ಯಾಮತಿಯಿಂದ ಹೊನ್ನಾಳಿಗೆ ಜೋಳ, ಮೆಣಸಿನಕಾಯಿ, ಬೆಲ್ಲ ಸಾಗಿಸುವುದು, ಒಮ್ಮೊಮ್ಮೆ ಚನ್ನಗಿರಿ ತನಕ. ಯುದ್ಧದ ಕಾಲ. ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲು ಉರಿಸಿಕೊಂಡು ಓಡುತ್ತಿದ್ದವು, ಅಂದರೆ ಅರ್ಧ ದಾರಿಯಲ್ಲಿ ನಿಲ್ಲುತ್ತಿದ್ದವು. ಹಾಗಾಗಿ ಗಾಡಿಗೆ ಕೆಲಸ ಜಾಸ್ತಿ, ಎತ್ತಿನ ಲಾಳ ಬೇಗ ಸವೆಯುತ್ತಿತ್ತು. ಕಬ್ಬಿಣ ಮಾತ್ರ ಸಿಗುತ್ತಿರಲಿಲ್ಲ. ಸಾಬರು ಹಳೇ ಮೊಳೆಗಳನ್ನು ಕಲ್ಲಿನ ಮೇಲಿಟ್ಟು ನೆಟ್ಟಗೆ ಮಾಡುತ್ತಾ ಕೂತಿರುತ್ತಿದ್ದರು. ನಾನು ಹೋಗಿ ಎದುರಿಗೆ ಕೂರುತ್ತಿದ್ದೆ.

ಆ ಮಾತನ್ನು ಅವರ ಬಾಯಿಂದ ಬರಿಸಬೇಕು ಅಂತ ನನಗೆ ಹುಚ್ಚು ಹಿಡಿಯಿತು. ಕನ್ನಡದಲ್ಲಿ ಅದನ್ನು ಬಿಟ್ಟು ಬದುಕುವುದು ಹೇಗೆ? ನಮ್ಮಲ್ಲಿ ಎಲ್ಲವೂ ಹೊಡೆಯುವುದೇ.

"ಸಾಬ್ರೇ, ಮಸೀದಿ ಗೋಡೆಗೆ ಸುಣ್ಣ ಏನು ಮಾಡಿದ್ರು?"

"ಬಳಿದ್ರು."

"ಬೂಬಮ್ಮ ರಾತ್ರಿ ಗೊರಕೆ?"

"ಗೊರಕೆ ಬರ್ತೈತೆ. ಜೋರಾಗಿ ಬರ್ತೈತೆ."

ಒಳಗಿನಿಂದ ಅವರ ಹೆಂಡತಿ ಬೂಬಮ್ಮ "ಯಾರಿಗೆ ಬರ್ತೈತೆ ಅಂತ ಓಣಿಗೆಲ್ಲ ಗೊತ್ತೈತೆ" ಅಂತ ಕೂಗಿದರು.

"ರೈತ್ರು ಗಳೇ ಏನು ಮಾಡ್ತಾರೆ?"

"ಹೊಲ ಉಳ್ತಾರೆ."

"ಸಿಳ್ಳೆ?"

"ಊದ್ತಾರೆ."

"ಹರಟೆ?"

"ಅದಾ? ನೀನು ಕೆಲಸ ಬಿಟ್ಟು ಇಲ್ಲಿ ಕುಂತು ಮಾಡ್ತಿದ್ದೀಯಲ್ಲ, ಅದು. ಎದ್ದೋಗು."

ನಾನು ಸೋತೆ. ಯಾವತ್ತೂ ಗೆಲ್ಲಲಿಲ್ಲ.

ಅವರ ಅಂಗಳದಲ್ಲಿ ಇನ್ನೊಂದು ವಿಷಯ ನನ್ನ ಕಣ್ಣಿಗೆ ಬಿತ್ತು. ಎತ್ತು ತಂದವರು ಯಾರೂ ಹಗ್ಗ ಬಿಡುತ್ತಿರಲಿಲ್ಲ. ಹೊನ್ನಾಳಿಯ ಲಾಳದವರ ಹತ್ತಿರ ನಾನು ನೋಡಿದ್ದೆ. ಜನ ಎತ್ತು ಕಟ್ಟಿ, ಸಂತೆ ಮಾಡಿ, ಚಾ ಕುಡಿದು, ಆರಾಮಾಗಿ ಬರುತ್ತಾರೆ. ಇಲ್ಲಿ ಹಾಗಲ್ಲ. ಹಗ್ಗದ ತುದಿ ಮಾಲೀಕನ ಕೈಯಲ್ಲೇ. ಉಚ್ಚೆಗೆ ಹೋಗಬೇಕಾದರೂ ಇನ್ನೊಬ್ಬನ ಕೈಗೆ ಹಗ್ಗ ಕೊಟ್ಟು ಹೋಗುತ್ತಿದ್ದರು, ಸಾಬರ ಕೈಗೆ ಕೊಡುತ್ತಿರಲಿಲ್ಲ.

ಲಾಳ ಕಟ್ಟಿದ ಮೇಲೆ ಎತ್ತನ್ನು ಗಟ್ಟಿ ರಸ್ತೆಯ ಮೇಲೆ ಸ್ವಲ್ಪ ನಡೆಸಿ ನೋಡಬೇಕು. ಮೊಳೆ ಒಳಗಿನ ಮಾಂಸಕ್ಕೆ ತಾಗಿದ್ದರೆ ಕುಂಟುತ್ತದೆ. ಅದನ್ನು ಲಾಳ ಕಟ್ಟಿದವರೇ ಮಾಡಬೇಕು, ಎತ್ತಿನ ಹೆಜ್ಜೆ ಹಗ್ಗದಲ್ಲಿ ಕೈಗೆ ಗೊತ್ತಾಗುತ್ತದೆ. ಇಲ್ಲಿ ಮಾಲೀಕರೇ ನಡೆಸುತ್ತಿದ್ದರು, ಸಾಬರು ಕೂತಲ್ಲಿಂದ ನೋಡುತ್ತಿದ್ದರು. ಕಣ್ಣು ಚಿಕ್ಕದು ಮಾಡಿ, ಕುತ್ತಿಗೆ ಚಾಚಿ. ಅವರ ಖಾಲಿ ಕೈ ಮಾತ್ರ ಮಡಿಲಲ್ಲಿ ಹಗ್ಗ ಹಿಡಿದ ಹಾಗೆ ಮಡಚಿಕೊಂಡು ಇರುತ್ತಿತ್ತು.

ಸಂತೆಯ ದಿನ ಒಬ್ಬ ಚೇಷ್ಟೆ ಮಾಡಿದ. "ಸಾಬ್ರೇ, ಎತ್ತು ಇಲ್ಲೇ ಕಟ್ಟಿ ಹೋಗ್ಲಾ? ಆಮೇಲೆ ಜಗಳೂರಿಗೆ ಹೋಗಿ ಹುಡುಕೋ ಹಂಗೆ ಆಗ್ತೈತೇನೋ?"

"ನಿನ್ನ ಎತ್ತು ಜಗಳೂರು ತಂಕ ನಡೆದ್ರೆ ನಾನೇ ಅದಕ್ಕೆ ಹೂವಿನ ಹಾರ ಹಾಕ್ತೀನಿ. ಮೊದ್ಲು ಅದಕ್ಕೆ ಹಿಂಡಿ ತಿನ್ಸು" ಅಂದರು ಸಾಬರು. ಜನ ನಕ್ಕರು. ಚೇಷ್ಟೆ ಮಾಡಿದವನೂ ನಕ್ಕ. ಹಗ್ಗ ಮಾತ್ರ ಬಿಡಲಿಲ್ಲ.

ಸಾಬರನ್ನು ಕೇಳಿದರೆ ಹೇಳುತ್ತಿರಲಿಲ್ಲ. ಬೂಬಮ್ಮನನ್ನು ಕೇಳಿದೆ. ಅವರು ಹೊಸ್ತಿಲಲ್ಲಿ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದರು.

"ಅಷ್ಟು ಗೊತ್ತಿಲ್ವಾ ನಿಂಗೆ? ನಿಮ್ಮ ಸಾಬ್ರು ಎತ್ತಿನ ಕಳ್ಳ ಅಂತ ಜೈಲಿಗೆ ಹೋಗಿದ್ರು."

"ಜೈಲು ಗೊತ್ತು. ಹೆಂಗೆ ಅಂತ ಗೊತ್ತಿಲ್ಲ."

"ನಿಜ ಹೇಳಿ ಹೋದ್ರು" ಅಂದರು ಬೂಬಮ್ಮ.

ಕತೆ ಇಷ್ಟು. ಗೋವಿನಕೋವಿಯ ಗೌಡರೊಬ್ಬರು ಹೊಸದಾಗಿ ಒಂದು ಜೋಡಿ ಎತ್ತು ತಂದಿದ್ದರು. ಸಾಬರು ಆ ಜೋಡಿ ನೋಡಿರಲಿಲ್ಲ. ಒಂದು ದಿನ ಬಿಳೀ ಅಂಗಿಯವನೊಬ್ಬ ಎತ್ತು ತಂದು, ನಾನು ಗೌಡರ ಮನೆಯ ಹೊಸ ಆಳು, ಲಾಳ ಕಟ್ಟಿ ಅಂದ. ಕಟ್ಟಿದರು. "ಗೌಡ್ರು ಇವನ್ನ ಅಳಿಯನ ಮನೆಗೆ ಕಳಿಸ್ತಾ ಅದಾರೆ, ಹೊನ್ನಾಳಿಯಾಗೆ ಹೊಳೆ ದಾಟ್ಬೇಕು. ನಾನು ಮುಂದೆ ಹೋಗಿ ದೋಣಿ ಮಾತಾಡಿರ್ತೀನಿ. ನೀವು ನಡೆಸಿ ನೋಡಿದಂಗೂ ಆಗ್ತೈತೆ, ಹೊಳೆ ತಂಕ ಹೊಡ್ಕಂಡು ಬರ್ರಿ" ಅಂದ. ಸಾಬರು ಹೊಡೆದುಕೊಂಡು ಹೋದರು. ಹೊಳೆ ದಡದಲ್ಲಿ ಹಗ್ಗ ಕೊಟ್ಟು, ಎತ್ತು ಕುಂಟಲಿಲ್ಲ ಅಂತ ಖುಷಿಯಲ್ಲಿ ವಾಪಸ್ ಬಂದರು. ಮಾರನೇ ದಿನ ಪೊಲೀಸರು ಬಂದರು. ಎತ್ತು ಗೌಡರ ಹೊಲದಿಂದ ಕದ್ದದ್ದು. ಆಳೂ ಇಲ್ಲ, ಅಳಿಯನೂ ಇಲ್ಲ. ದಾರಿಯಲ್ಲಿ ಜನ ಕಂಡದ್ದು ಸಾಬರನ್ನು ಮಾತ್ರ.

ಕೋರ್ಟು ಯಾವುದು, ಜಡ್ಜು ಯಾರು ಅಂತ ಬರೆಯುವುದಿಲ್ಲ. ಜಡ್ಜು ಬೇರೆ ಸೀಮೆಯವರು, ಮನೆಮಾತು ಕನ್ನಡ ಅಲ್ಲ.

"ಅವ್ರು ಕೇಳಿದ್ರು, ಎತ್ತು ಯಾರು ತಗಂಡು ಹೋಗಿದ್ದು ಅಂತ" ಅಂದರು ಬೂಬಮ್ಮ. "ನಮ್ಮೋರು ಎದೆ ತಟ್ಕಂಡು, ನಾನೇ ಹೊಡ್ಕಂಡು ಹೋದೆ ಸ್ವಾಮಿ ಅಂದ್ರು. ಜೊತೆಗೆ ಯಾರಿದ್ರು ಅಂದ್ರು. ಯಾರೂ ಇಲ್ಲ, ನಾನೊಬ್ನೇ ಅಂದ್ರು. ಮುಗೀತು. ಹೊಡ್ಕಂಡು ಹೋದೆ ಅಂದ್ರೆ ಅವ್ರ ಕನ್ನಡದಾಗೆ ಲೂಟಿ ಮಾಡ್ದೆ ಅಂತ. ಇವನೇ ಒಪ್ಕಂಡಾನೆ ಅಂತ ಬರೆಸಿದ್ರು. ಬಿಳೀ ಅಂಗಿಯವನ ಸುದ್ದಿ ಹೇಳಿದ್ರೆ ಯಾರೂ ನಂಬಲಿಲ್ಲ."

"ಅಲ್ಲಿ ನಮ್ಮ ಕಡೆಯೋರು ಯಾರೂ ಇರಲಿಲ್ವಾ?"

"ಕೋರ್ಟು ತುಂಬ ಇದ್ರು. ಎಲ್ರೂ ಎತ್ತು ಹೊಡ್ಕಂಡು ತಿರುಗೋರೇ. ಎಲ್ರಿಗೂ ಗೊತ್ತಿತ್ತು. ಆದ್ರೆ ಜಡ್ಜ್ ಸಾಹೇಬ್ರಿಗೆ ಕನ್ನಡ ಹೇಳಿಕೊಡಾಕೆ ಯಾರಿಗೆ ಧೈರ್ಯ ಐತೆ ಹೇಳು?"

ಅವರು ಬೆಳ್ಳುಳ್ಳಿ ಸಿಪ್ಪೆ ಊದಿದರು. ಅದು ನನ್ನ ಮುಖದ ಮೇಲೆ ಬಂತು.

ಸಾಬರು ಒಳಗಿದ್ದಾಗ ಬೂಬಮ್ಮ ನಲ್ಲೂರಿಗೆ ಹೋಗಿ ಅಡಿಕೆ ಸುಲಿದು ಹೊಟ್ಟೆ ಹೊರೆದುಕೊಂಡರು. ಸುತ್ತಿಗೆ, ಅಡಿಗಲ್ಲು, ಇಕ್ಕಳ ಎಲ್ಲ ಮಾರಿಬಿಟ್ಟರು. ನಾನು "ಯಾಕೆ ಮಾರಿದ್ರಿ?" ಅಂದೆ. "ಸುತ್ತಿಗೆ ತಿನ್ನಾಕೆ ಬರಲ್ಲ, ಅದಕ್ಕೆ" ಅಂದರು.

ಶಿಕ್ಷೆ ಅರ್ಧವೂ ಮುಗಿದಿರಲಿಲ್ಲ. ಜಗಳೂರಿನ ದನದ ಸಂತೆಯಲ್ಲಿ ಒಬ್ಬ ಸಿಕ್ಕಿಬಿದ್ದ. ಬೇರೆ ಯಾರದೋ ಎತ್ತು ಮಾರುತ್ತಿದ್ದ. ಹಿಡಿದು ಕೇಳಿದಾಗ ಹಳೆಯದೆಲ್ಲ ಹೇಳಿದ. ಗೋವಿನಕೋವಿ ಜೋಡಿಯೂ ತಾನೇ ಕದ್ದದ್ದು, ಲಾಳದ ಸಾಬರಿಗೆ ಏನೂ ಗೊತ್ತಿಲ್ಲ, ಅವರಿಗೆ ಸುಳ್ಳು ಹೇಳಿ ನಡೆಸಿಕೊಂಡು ಬರಲು ಹೇಳಿದ್ದು ತಾನೇ ಅಂದ. ದೊಡ್ಡ ಕೋರ್ಟಿನ ತನಕ ಹೋಗಿ ಸಾಬರದು ತಪ್ಪಿಲ್ಲ ಅಂತ ಆಯಿತು. ಬಿಟ್ಟರು.

ಊರಿಗೆ ಬಂದರೆ ಊರಿನಲ್ಲಿ ಬೇರೆ ಸುದ್ದಿ. ಮಹಾರಾಜರ ಹುಟ್ಟುಹಬ್ಬಕ್ಕೆ ಕೈದಿಗಳನ್ನು ಬಿಡುವುದು ಎಲ್ಲರಿಗೂ ಗೊತ್ತಿತ್ತು. ಹಾಗೇ ಬಿಟ್ಟಿದ್ದಾರೆ ಅಂದುಕೊಂಡರು. ಇದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಚಾದಂಗಡಿಯಲ್ಲಿ ಒಬ್ಬ ಮುದುಕ ಪ್ರೀತಿಯಿಂದಲೇ ಅಂದ, "ಹೋಗ್ಲಿ ಬಿಡ್ರಿ ಸಾಬ್ರೇ, ಮಾಫಿ ಆಯ್ತಲ್ಲ, ಅದೇ ಪುಣ್ಯ."

ಸಾಬರು ಲೋಟ ಕೆಳಗಿಟ್ಟರು. "ಮಾಫಿ ಅಂಬೋದು ನಮ್ಮ ಮನೆ ಮಾತು ಅಜ್ಜಾ. ಅದರ ಅರ್ಥ ನಂಗೆ ಚೆನ್ನಾಗಿ ಗೊತ್ತೈತೆ. ತಪ್ಪು ಮಾಡಿದೋರಿಗೆ ಮಾಫಿ. ನಾನೇನು ಮಾಡಿದ್ದೆ ಅಂತ ಮಾಫಿ ಮಾಡಾಕೆ?"

"ಅದೇ, ಬಿಟ್ರಲ್ಲ" ಅಂದ ಮುದುಕ.

"ಬಿಟ್ಟಿದ್ದಲ್ಲ. ಹಿಡಿದಿದ್ದೇ ತಪ್ಪು ಅಂದ್ರು."

"ಎರಡೂ ಒಂದೇ ಅಲ್ವಾ?"

ಸಾಬರು ಚಾ ಅರ್ಧಕ್ಕೆ ಬಿಟ್ಟು ಎದ್ದರು. ಅವರು ತಿನ್ನುವುದು ಕುಡಿಯುವುದನ್ನು ಅರ್ಧಕ್ಕೆ ಬಿಟ್ಟು ಎದ್ದದ್ದು ನಾನು ಇನ್ನೊಂದು ಸಲ ನೋಡಿಲ್ಲ. ಆಸೆಬುರುಕ ಮನುಷ್ಯ. ಚಾಗೆ ಬೆಲ್ಲ ಜಾಸ್ತಿ ಹಾಕಿಸಿಕೊಂಡು ತಳದಲ್ಲಿ ಉಳಿದದ್ದನ್ನು ಬೆರಳಿನಿಂದ ತೆಗೆದು ತಿನ್ನುತ್ತಿದ್ದರು.

ನಾನು ಒಂದು ದಿನ ನೇರ ಕೇಳಿಬಿಟ್ಟೆ. "ಆ ಮಾತು ಅಂದ್ರೆ ಈಗ ಏನಾಗ್ತೈತೆ ಸಾಬ್ರೇ? ಜಡ್ಜು ಇಲ್ಲ, ಪೊಲೀಸರಿಲ್ಲ."

ಅವರು ಮೊಳೆ ನೆಟ್ಟಗೆ ಮಾಡುವುದು ನಿಲ್ಲಿಸಲಿಲ್ಲ. "ನಾನು ಒಂದು ಅಂದ್ರೆ ಕೇಳೋರ ಕಿವಿಯಾಗೆ ಇನ್ನೊಂದು ಬೀಳ್ತೈತೆ. ಒಂದು ಸಲ ನೋಡಿದೆ, ಸಾಕು."

"ಹಂಗಾದ್ರೆ ಜೀವನ ಎಲ್ಲ ಹಿಂಗೇನಾ?"

"ಮಾತು ಬಿಟ್ರೂ ಬದುಕ್ಬಹುದು. ಒಬ್ರೂ ಹಗ್ಗ ಕೈಗೆ ಕೊಡಲ್ಲ ನೋಡು, ಅದು ಕಷ್ಟ. ಹಗ್ಗ ಹಿಡೀದೆ ಇನ್ನೆಷ್ಟು ದಿನ ಲಾಳ ಕಟ್ಲಿ? ಎಲ್ಲೋ ಒಂದು ಎತ್ತು ಕುಂಟ್ತೈತೆ, ಅದಕ್ಕೂ ನನ್ನೇ ಅಂತಾರೆ."

ಅವರಿಗೆ ಬೇಕಾಗಿದ್ದದ್ದು ಅಷ್ಟೇ ಅಂತ ಆಗ ನನಗೆ ಗೊತ್ತಾಯಿತು. ಒಬ್ಬ ಮಾಲೀಕ ಎತ್ತು ಬಿಟ್ಟು ಹೋಗಬೇಕು. ನಾನು ನಮ್ಮ ಎತ್ತಿನ ಹಗ್ಗ ಯಾವಾಗಲೂ ಅವರ ಕೈಗೇ ಕೊಡುತ್ತಿದ್ದೆ. ಅದು ಲೆಕ್ಕಕ್ಕೆ ಬರುತ್ತಿರಲಿಲ್ಲ. "ನಿನ್ನವಲ್ಲ ಅವು, ನಿಮ್ಮ ಮಾವಂದು" ಅನ್ನುತ್ತಿದ್ದರು. ನಮ್ಮ ಮಾವ ಬಂದಾಗ ಹಗ್ಗ ಗಟ್ಟಿಯಾಗಿ ಹಿಡಿದು ನಿಲ್ಲುತ್ತಿದ್ದ.

ಗೋವಿನಕೋವಿ ಗೌಡರು ಮಾತ್ರ ಈ ಓಣಿಗೇ ಬರುತ್ತಿರಲಿಲ್ಲ. ಅವರ ಕಳುವಾದ ಎತ್ತು ಸಿಗಲೇ ಇಲ್ಲ, ಬೇರೆ ಜೋಡಿ ತಂದಿದ್ದರು. ಲಾಳಕ್ಕೆ ಹೊನ್ನಾಳಿ ತನಕ ಹೋಗುತ್ತಿದ್ದರು. ಒಂದು ಸಂತೆಯ ದಿನ, ಬೇಸಿಗೆ, ಅವರ ಎತ್ತಿನ ಲಾಳ ನಮ್ಮ ಊರ ಬಾಗಿಲಲ್ಲೇ ಕಳಚಿಬಿತ್ತು. ಗಾಡಿಯಲ್ಲಿ ಲೋಡು ಇತ್ತು. ಎತ್ತು ಹೆಜ್ಜೆ ಇಡಲಿಲ್ಲ. ಗೌಡರಿಗೆ ಬೇರೆ ದಾರಿ ಇರಲಿಲ್ಲ. ಎತ್ತನ್ನು ಬಿಚ್ಚಿಕೊಂಡು ನಿಧಾನ ನಡೆಸುತ್ತಾ ಸಾಬರ ಅಂಗಳಕ್ಕೆ ಬಂದರು. ಅವರ ಹಿಂದೆ ಸಂತೆಯ ಅರ್ಧ ಜನ ಬಂದರು. ಮಜಾ ನೋಡಲು.

"ಲಾಳ ಹೋಗೈತೆ ಸಾಬ್ರೇ."

"ಕಾಣ್ತೈತೆ. ಹಿಡ್ಕಳ್ರಿ."

ನಾನು ಕೊಂಬು ಹಿಡಿದೆ. ಸುತ್ತಿಗೆಯ ಸದ್ದು ಒಂದೇ. ಗೌಡರು ಗಂಟಲು ಸರಿಮಾಡಿಕೊಂಡರು.

"ಅವತ್ತು ಕೋರ್ಟಿನಾಗೆ ನಾನು ಸುಳ್ಳು ಹೇಳಲಿಲ್ಲ ಸಾಬ್ರೇ. ನಮ್ಮ ಎತ್ತು ನಿಮ್ಮ ಕೈಯಾಗೆ ಇದ್ದಿದ್ದು ಜನ ನೋಡಿದ್ರು. ಅಷ್ಟೇ ಹೇಳಿದೆ."

"ನಾನೂ ಸುಳ್ಳು ಹೇಳಲಿಲ್ಲ ಗೌಡ್ರೇ. ಇಬ್ರೂ ನಿಜಾನೇ ಹೇಳಿದ್ವಿ. ಜೈಲಿಗೆ ನಾನೊಬ್ನೇ ಹೋದೆ."

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಗೌಡರು ತಿರುಗಿ ನೋಡಿದರು. ನಗು ನಿಂತಿತು.

ಎತ್ತು ಎದ್ದಿತು. ಗೌಡರು ಹಗ್ಗವನ್ನು ಸಾಬರ ಕಡೆ ಚಾಚಿದರು. "ಹೊಡ್ಕಂಡು ಹೋಗಿ ನೋಡ್ರಿ, ಕುಂಟ್ತೈತೇನೋ."

ಗೌಡರಿಗೇ ತಾನು ಏನಂದೆ ಅಂತ ಆಮೇಲೆ ಹೊಳೆದಿರಬೇಕು, ಕಿವಿ ಕೆಂಪಾಯಿತು. ಬೇಕಂತಲೇ ಅಂದರೋ, ರೂಢಿಯಲ್ಲಿ ಬಂತೋ, ನನಗೆ ಇವತ್ತಿಗೂ ಗೊತ್ತಿಲ್ಲ. ಚಾಚಿದ ಕೈಯನ್ನು ಮಾತ್ರ ಹಿಂದಕ್ಕೆ ತಗೊಳ್ಳಲಿಲ್ಲ.

ನಾನು ಅಂದುಕೊಂಡೆ, ಈಗ ಸಾಬರು ಹಗ್ಗ ಹಿಡಿಯುತ್ತಾರೆ. ಹಿಡಿಯಲಿಲ್ಲ. ಸುತ್ತ ನಿಂತವರನ್ನೆಲ್ಲ ಒಂದು ಸುತ್ತು ನೋಡಿದರು.

"ಇವತ್ತು ಬ್ಯಾಡ ಗೌಡ್ರೇ. ಇಷ್ಟು ಜನ ಕಾವಲು ನಿಂತಾರೆ. ಇವರ ಮುಂದೆ ಕಳ್ಳನಿಗೆ ಕೊಟ್ರೂ ವಾಪಸ್ ತರ್ತಾನೆ. ಯಾರೂ ಇಲ್ದಾಗ ಬಂದು ಕಟ್ಟಿ ಹೋಗ್ರಿ. ಮನಸಿದ್ರೆ."

ಗೌಡರು ಎತ್ತು ನಡೆಸಿಕೊಂಡು ಹೋದರು.

ನನಗೆ ಸಿಟ್ಟು ಬಂತು. "ಕೊಟ್ಟಾಗ ಹಿಡಿಯೋದು ಬಿಟ್ಟು ಇದೇನ್ರಿ ನಿಮ್ಮ ಜಂಬ?" ಅಂದೆ. ಎರಡು ದಿನ ಬಿಟ್ಟು ಹೋದಾಗ ಅಂಗಳದಲ್ಲಿ ಹೊಸ ಗೂಟ ಇತ್ತು. ಗಟ್ಟಿ ಜಾಲಿ ಗೂಟ.

"ಬರ್ತಾರೆ ಅಂತೀರಾ?"

"ಗೂಟ ಹಳೇದಾಗಿತ್ತು, ಹೊಸದು ಹಾಕಿದೆ. ನೀನು ಎಲ್ಲದಕ್ಕೂ ಅರ್ಥ ಹುಡುಕ್ತೀಯ."

ಹೀಗೆ ಅಂದರೂ ಕಣ್ಣು ಗೋವಿನಕೋವಿ ದಾರಿಯ ಮೇಲೇ. ಮಳೆ ಬಂತು, ಬಿತ್ತನೆ ಮುಗಿಯಿತು. ಗೌಡರು ಬರಲಿಲ್ಲ. ಸಾಬರು ದಾರಿ ನೋಡುವುದನ್ನು ಬಿಟ್ಟರು. ಚಾಗೆ ಬೆಲ್ಲ ಕಡಿಮೆ ಹಾಕಿಸಿಕೊಳ್ಳತೊಡಗಿದರು. ಬೂಬಮ್ಮನಿಗೆ ಅದು ಚಿಂತೆಯಾಯಿತು. "ನಿಮ್ಮ ಗೌಡ್ರ ಗೂಟಕ್ಕೆ ನಾನು ಮೇಕೆ ಕಟ್ತೀನಿ" ಅಂತ ಬೈದು ಕಟ್ಟಿಯೂಬಿಟ್ಟರು.

ಒಂದು ಮಧ್ಯಾಹ್ನ ನಾನು ಹೊನ್ನಾಳಿಯಿಂದ ಗಾಡಿ ತರುತ್ತಿದ್ದೆ. ಅಂಗಳದಲ್ಲಿ ಮೇಕೆ ಬೇರೆ ಕಡೆ ನಿಂತಿತ್ತು. ಗೂಟಕ್ಕೆ ಒಂದು ಜೋಡಿ ಎತ್ತು. ಗೌಡರ ಎತ್ತು. ಹತ್ತಿರ ಬೇರೆ ಒಂದು ನರಪಿಳ್ಳೆಯೂ ಇಲ್ಲ. ಸಾಬರು ಎದುರಿಗೆ ಕೂತು ಅವುಗಳ ಮುಖ ನೋಡುತ್ತಿದ್ದರು.

"ಗೌಡ್ರೆಲ್ಲಿ?"

"ಚನ್ನಗಿರಿಗೆ ಹೋದ್ರಂತೆ, ಸಂಬಂಧಿಕರ ಮನೆಗೆ. ನಾನು ನಮಾಜಿಗೆ ಹೋಗಿದ್ದೆ. ಇವಳಿಗೆ, ನಾಳೆ ಬರ್ತೀನಿ ಅಂದು ಕಟ್ಟಿ ಹೋಗ್ಯಾರೆ." ಅವರ ಧ್ವನಿ ಒಂಥರಾ ಇತ್ತು. ನಾನು ಖುಷಿ ಅಂದುಕೊಂಡೆ. ಅದು ಹೆದರಿಕೆ.

"ಲೇ, ಇವನ್ನ ಯಾರಾನ ಕದ್ರೆ?"

ಅದು ನನಗೆ ಹೊಳೆದಿರಲಿಲ್ಲ. ಗೌಡರ ಎತ್ತು ಮತ್ತೆ ಇವರ ಅಂಗಳದಿಂದ ಹೋದರೆ ಯಾವ ಕೋರ್ಟೂ ಬೇಕಾಗಿಲ್ಲ.

ನಾನು ಕೊಂಬು ಹಿಡಿದೆ, ಸಾಬರು ಲಾಳ ಕಟ್ಟಿದರು. ಹಗ್ಗ ಹಿಡಿದು ರಸ್ತೆಗೆ ಇಳಿದರು. ನಾನು ಹಿಂದೆ ಹೋಗಲಿಲ್ಲ. ಮಸೀದಿಯ ತನಕ ಹೋಗಿ ತಿರುಗಿದರು. ಎತ್ತಿನ ಹೆಜ್ಜೆಗೆ ಸರಿಯಾಗಿ ಇವರ ಹೆಜ್ಜೆ. ಅಂಗಡಿಯವರು ಹೊರಗೆ ಬಂದು ನಿಂತರು. ಸಾಬರು ಯಾರ ಮುಖವನ್ನೂ ನೋಡಲಿಲ್ಲ, ಎತ್ತಿನ ಕಾಲು ನೋಡುತ್ತಾ ಬಂದರು.

ಆಮೇಲೆ ಶುರುವಾಯಿತು ಫಜೀತಿ. ಊಟಕ್ಕೆ ಒಳಗೆ ಹೋಗಲಿಲ್ಲ, ಬೂಬಮ್ಮ ಅಲ್ಲಿಗೇ ರೊಟ್ಟಿ ತಂದುಕೊಟ್ಟರು. ರಾತ್ರಿ ಹಗ್ಗವನ್ನು ತಮ್ಮ ಕಾಲಿಗೇ ಕಟ್ಟಿಕೊಂಡು ಕೂತಿದ್ದರಂತೆ. ನಾಯಿ ಬೊಗಳಿದರೆ ಎದ್ದು ನಿಲ್ಲುತ್ತಿದ್ದರಂತೆ. ಮಾರನೇ ದಿನ ಗೌಡರು ಬರಲಿಲ್ಲ. ಅವತ್ತು ನಾನೂ ಸ್ವಲ್ಪ ಹೊತ್ತು ಕಾವಲು ಕೂತೆ. "ನೀವು ಮಲಗ್ರಿ" ಅಂದರೆ, "ನೀನು ಹುಡುಗ, ನಿದ್ದೆ ಹೋಗ್ತೀಯ" ಅಂದರು. ಹಾಗೇ ನಾನು ನಿದ್ದೆ ಹೋದೆ. ಅವರು ಹೋಗಲಿಲ್ಲ. ಬೂಬಮ್ಮ, "ಜೈಲಿನಾಗೆ ಇದಕ್ಕಿಂತ ಚೆನ್ನಾಗಿ ಮಲಗಿದ್ರಂತೆ" ಅಂದರು.

ಮೂರನೇ ದಿನ ಬಿಸಿಲೇರಿದ ಮೇಲೆ ಗೌಡರು ಬಂದರು. ಎಲೆ ಅಡಿಕೆ ಹಾಕಿಕೊಂಡು, ಆರಾಮಾಗಿ. ಸಾಬರ ಕಣ್ಣು ಕೆಂಡದ ಹಾಗಿತ್ತು. ಅವರು ಗೌಡರಿಗೆ ಬೈದ ಹಾಗೆ ಯಾರಾದರೂ ಗೌಡರಿಗೆ ಬೈದದ್ದು ನಾನು ಕೇಳಿಲ್ಲ.

"ನಾಳೆ ಅಂದೋರು ನಾಡಿದ್ದು ಬರ್ತೀರಾ? ಮಾತಿಗೆ ಬೆಲೆ ಬ್ಯಾಡ್ವಾ? ಇಲ್ಲಿ ಒಬ್ಬ ಮನುಷ್ಯ ಎರಡು ರಾತ್ರಿ ಕಣ್ಣು ಮುಚ್ಚಿಲ್ಲ, ನಿಮಗೆ ಎತ್ತಿನ ನೆನಪಾದ್ರೂ ಐತಾ?"

ಗೌಡರು ಎಲೆ ಉಗಿದು ಬಾಯಿ ಒರೆಸಿಕೊಂಡರು.

"ನಾನು ಚೆನ್ನಾಗಿ ನಿದ್ದೆ ಮಾಡ್ದೆ ಸಾಬ್ರೇ" ಅಂದರು.

ಸಾಬರು ಹಗ್ಗ ಬಿಚ್ಚಿ ಗೌಡರ ಕೈಗೆ ಕೊಟ್ಟು, ಒಳಗೆ ಹೋಗಿ ಮಲಗಿಬಿಟ್ಟರು. ಸಂಜೆ ತನಕ ಏಳಲಿಲ್ಲ. ಲಾಳ ಕಟ್ಟಿಸಲು ಬಂದ ಇಬ್ಬರಿಗೆ ಬೂಬಮ್ಮ "ಕಟ್ಟಿ ಹೋಗ್ರಿ, ಎದ್ದ ಮೇಲೆ ನೋಡ್ತಾರೆ" ಅಂದರು. ಒಬ್ಬ ಕಟ್ಟಿ ಹೋದ. ಇನ್ನೊಬ್ಬ ಹಗ್ಗ ಹಿಡಿದುಕೊಂಡು ಕೂತ.

ನನಗೆ ಗೊತ್ತಿರುವುದು ಇಷ್ಟೇ. ಮುಂದೆ ಹೇಳಲು ಏನೂ ಇಲ್ಲ.